ನುಡಿ, ತುಂಗಾ ಎಲ್ಲ ಇರುವ ನಮ್ಮದೇ ವಿಂಡೋಸ್ ಇಮೇಜ್ ಕ್ಲೌಡ್ ಡೆಸ್ಕ್‌ಟಾಪ್‌ಗೆ ಹಾಕಬೇಕು, ಸಿಸ್‌ಪ್ರೆಪ್ ಮುಗಿಯುತ್ತಿಲ್ಲ

ಚಾಮರಾಜಪೇಟೆ ಡಿಟಿಪಿ:

ಎಲ್ಲರಿಗೂ ನಮಸ್ಕಾರ. ಚಾಮರಾಜಪೇಟೆಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಆಫೀಸು. ಕೋರ್ಟ್ ಕಾಗದದ ಅನುವಾದ, ಪಠ್ಯಪುಸ್ತಕ, ಲಗ್ನಪತ್ರಿಕೆ, ಏನು ಬಂದರೂ ಮಾಡುತ್ತೇವೆ. ಅರ್ಧ ಜನ ಕೆಂಗೇರಿ, ಯಲಹಂಕ, ನೆಲಮಂಗಲ ಕಡೆಯವರು. ಮಳೆ ಬಂದ ದಿನ ಅವರು ಆಫೀಸಿಗೆ ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತಿತಲ್ಲ, ನಮ್ಮ ಹಳೇ ಪಿಸಿಗಳಿಗೆ 11 ಹತ್ತುವುದಿಲ್ಲ. ಎಲ್ಲರಿಗೂ ಹೊಸ ಪಿಸಿ ತೆಗೆಯುವ ಬದಲು ಮೈಕ್ರೋಸಾಫ್ಟ್ ಕ್ಲೌಡ್‌ನಲ್ಲಿ ಓಡುವ ಅಜೂರ್ ವರ್ಚುವಲ್ ಡೆಸ್ಕ್‌ಟಾಪ್ ನೋಡೋಣ, ಮನೆಯಿಂದಲೂ ಕೆಲಸ ಆಗುತ್ತದೆ ಅಂತ ಓನರ್ ಹೇಳಿದ್ದಾರೆ. ಆಫೀಸಿನ ಐಟಿ ಅಂದರೆ ನಾನೇ. ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಿಕೊಂಡರೂ ನಾನೇ.

ಇಲ್ಲಿವರೆಗೆ ಮಾಡಿದ್ದು ಇಷ್ಟು. ಆಫೀಸಿನ ಒಂದು ಪಿಸಿಯಲ್ಲಿ ಹೈಪರ್-ವಿ (ಪಿಸಿಯೊಳಗೆ ಇನ್ನೊಂದು ಪಿಸಿ, ಅಂದರೆ ವಿಎಂ, ಓಡಿಸುವ ಸೌಲಭ್ಯ) ಹಾಕಿ, ಅದರೊಳಗೆ ವಿಂಡೋಸ್ 11 ಪ್ರೋ ಇನ್‌ಸ್ಟಾಲ್ ಮಾಡಿದೆ. ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಭಾಷೆ ಸೇರಿಸಿದೆ. ನುಡಿ, ಬರಹ, ಗಿರಾಕಿಗಳು ಕೊಟ್ಟ ಹತ್ತಾರು ಫಾಂಟ್, ಪುಟ ಕಟ್ಟುವ ಸಾಫ್ಟ್‌ವೇರ್ ಎಲ್ಲ ಹಾಕಿದೆ. ಇದನ್ನೇ ಇಮೇಜ್, ಅಂದರೆ ಎಲ್ಲ ಡೆಸ್ಕ್‌ಟಾಪ್‌ಗೂ ಹಾಕುವ ಅಚ್ಚು, ಮಾಡಬೇಕು. ಅದಕ್ಕೆ ಆ ಒಂದು ಪಿಸಿಯ ಗುರುತು ಅಳಿಸುವ ಸಿಸ್‌ಪ್ರೆಪ್ ಅನ್ನು ಜೆನರಲೈಸ್ ಟಿಕ್ ಮಾಡಿ ಓಡಿಸಿದರೆ, ನಿಮ್ಮ ವಿಂಡೋಸ್ ಇನ್‌ಸ್ಟಾಲೇಶನ್ ವ್ಯಾಲಿಡೇಟ್ ಮಾಡಲಾಗಲಿಲ್ಲ ಅಂತ ಬಾಕ್ಸ್ ಬಂದು ನಿಂತುಬಿಡುತ್ತದೆ.

ಇನ್ನೊಂದು ಚಿಂತೆ ಅಪ್‌ಲೋಡ್. ವಿಎಂನ ಡಿಸ್ಕ್ 127 ಜಿಬಿ, ವಿಎಚ್‌ಡಿಎಕ್ಸ್ ಅನ್ನುವ ಡಿಸ್ಕ್ ಫೈಲು. ನಮ್ಮ ಲೈನಿನಲ್ಲಿ ಮೇಲಕ್ಕೆ ಹೋಗುವ ಸ್ಪೀಡು 40 ಎಂಬಿಪಿಎಸ್. ಲೆಕ್ಕ ಹಾಕಿದರೆ ಏಳೂವರೆ ಗಂಟೆ. ಮಧ್ಯೆ ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು ನಿಲ್ಲುತ್ತದೋ ದೇವರಿಗೇ ಗೊತ್ತು.

ನಾನು ಹಿಡಿದಿರುವ ದಾರಿ ಸರಿ ಇದೆಯಾ? ಗೊತ್ತಿರುವವರು ದಯವಿಟ್ಟು ಹೇಳಿ.

ರಾತ್ರಿಪಾಳಿ:

ಬಾಕ್ಸಿನಲ್ಲಿ ಬರುವ ಮಾತಿಗೆ ಅರ್ಥ ಇಲ್ಲ ಸರ್. ಲಾಗ್ ನೋಡಬೇಕು. ವಿಂಡೋಸ್ ಫೋಲ್ಡರಿನ ಸಿಸ್ಟಂ32 ಒಳಗೆ ಸಿಸ್‌ಪ್ರೆಪ್, ಅದರೊಳಗೆ ಪ್ಯಾಂಥರ್ ಅಂತ ಫೋಲ್ಡರ್ ಇರುತ್ತದೆ. ಅಲ್ಲಿನ ಸೆಟಪ್‌ಆಕ್ಟ್ ಲಾಗ್ ತೆರೆದು ಕೊನೆಯಿಂದ ಮೇಲಕ್ಕೆ ಓದುತ್ತಾ ಬನ್ನಿ. ಎರರ್ ಅಂತ ಮೊದಲು ಸಿಗುವ ಸಾಲು ಇಲ್ಲಿ ಹಾಕಿ.

ನನ್ನ ಊಹೆ ಎರಡು. ಒಂದೋ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ತಾನಾಗಿಯೇ ಆನ್ ಆಗಿದೆ, ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಅದು ಜಾಸ್ತಿ. ಇಲ್ಲಾಂದರೆ ಸ್ಟೋರ್ ಆಪ್ ತಕರಾರು.

ಚಾಮರಾಜಪೇಟೆ ಡಿಟಿಪಿ:

ಥ್ಯಾಂಕ್ಸ್ ಸರ್. ಬಿಟ್‌ಲಾಕರ್ ಆಫ್ ಇದೆ. ಲಾಗಿನಲ್ಲಿ ಲ್ಯಾಂಗ್ವೇಜ್ ಎಕ್ಸ್‌ಪೀರಿಯನ್ಸ್ ಪ್ಯಾಕ್ ಅಂತ ಒಂದು ಪ್ಯಾಕೇಜಿನ ಹೆಸರು ಇದೆ, ಕೊನೆಗೆ ಕೆಎನ್-ಐಎನ್ (ಕನ್ನಡದ ಗುರುತು). ಅದು ಒಬ್ಬ ಯೂಸರಿಗೆ ಮಾತ್ರ ಇನ್‌ಸ್ಟಾಲ್ ಆಗಿದೆ, ಎಲ್ಲರಿಗೂ ಪ್ರಾವಿಷನ್ ಆಗಿಲ್ಲ ಅನ್ನುತ್ತಿದೆ. ಕನ್ನಡ ಹಾಕಿದ್ದೇ ತೊಂದರೆನಾ?

ಬಿಳೇಕಹಳ್ಳಿ ಅಡ್ಮಿನ್:

ಕನ್ನಡ ಹಾಕಿದ್ದು ತೊಂದರೆ ಅಲ್ಲ ಸರ್, ಅದು ಬಂದು ಕೂತ ಜಾಗ ತೊಂದರೆ. ನಾನು ಹೊಟ್ಟೆಪಾಡಿಗೆ ಇದೇ ಕೆಲಸ ಮಾಡುವವಳು, ಬನ್ನೇರುಘಟ್ಟ ರಸ್ತೆಯ ಒಂದು ಕಂಪನಿಗೆ ತಿಂಗಳು ತಿಂಗಳು ಇಮೇಜ್ ಕಟ್ಟಿ ಕೊಡುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಇಮೇಜಿನಲ್ಲಿ ಏನೇ ಹಾಕಿದರೂ ಅದು ಮಷಿನ್‌ಗೆ ಸೇರಬೇಕು, ನಿಮ್ಮ ಲಾಗಿನ್‌ಗೆ ಸೇರಬಾರದು. ಇಮೇಜ್ ಕಟ್ಟುವಾಗ ನೀವು ಲಾಗಿನ್ ಆಗಿರುವ ಆ ಅಡ್ಮಿನ್ ಯೂಸರ್, ಮೇಸ್ತ್ರಿ ಇದ್ದ ಹಾಗೆ. ಮನೆ ಮುಗಿದ ಮೇಲೆ ಅವನು ಅಲ್ಲಿ ಇರುವುದಿಲ್ಲ. ಅವನ ಜೇಬಿನಲ್ಲಿ ಇದ್ದದ್ದು ಅವನ ಜೊತೆಗೇ ಹೋಗುತ್ತದೆ.

ಈಗ ನಿಮ್ಮ ಎರರ್. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿದಾಗ ವಿಂಡೋಸ್ ಸ್ಟೋರ್‌ನಿಂದ ಭಾಷೆಯ ಪ್ಯಾಕೇಜ್ ಇಳಿಸಿ ಆ ಒಬ್ಬ ಯೂಸರಿಗೆ ಮಾತ್ರ ಕೊಡುತ್ತದೆ. ಸಿಸ್‌ಪ್ರೆಪ್ ಬಂದು ಎಲ್ಲ ಸ್ಟೋರ್ ಪ್ಯಾಕೇಜ್‌ಗಳನ್ನೂ ನೋಡುತ್ತದೆ. ಒಬ್ಬರಿಗೆ ಇದೆ, ಎಲ್ಲರಿಗೂ ಇಲ್ಲ ಅಂತ ಕಂಡರೆ ಅಲ್ಲೇ ನಿಲ್ಲುತ್ತದೆ. ಪವರ್‌ಶೆಲ್‌ನಲ್ಲಿ (ವಿಂಡೋಸ್‌ನ ಕಮಾಂಡ್ ಕಿಟಕಿ) ಆಪ್‌ಎಕ್ಸ್, ಅಂದರೆ ಸ್ಟೋರ್ ಆಪ್, ಪ್ಯಾಕೇಜ್‌ಗಳ ಪಟ್ಟಿ ತೆಗೆದು ಆ ಒಂದನ್ನು ರಿಮೂವ್ ಮಾಡಿದರೆ ಇದು ದಾಟುತ್ತದೆ. ಆದರೆ ಅದರ ಹಿಂದೆಯೇ ಇನ್ನೊಂದು ಬರುತ್ತದೆ, ಯಾಕೆಂದರೆ ನೆಟ್ ಇರುವಷ್ಟು ಹೊತ್ತೂ ಸ್ಟೋರ್ ಹಿಂದಿನಿಂದ ಆಪ್ ಅಪ್‌ಡೇಟ್ ಮಾಡುತ್ತಲೇ ಇರುತ್ತದೆ. ಮೊದಲೇ ಪಾಲಿಸಿಯಲ್ಲಿ ಸ್ಟೋರಿನ ಆಟೋ ಅಪ್‌ಡೇಟ್ ಆಫ್ ಮಾಡಿ ಕೆಲಸ ಶುರು ಮಾಡುವುದು ಒಳ್ಳೆಯದು.

ಅಷ್ಟಕ್ಕೂ ನಿಮಗೆ ಆ ಪ್ಯಾಕೇಜ್ ಬೇಕಾ? ಅದು ಮೆನು, ಬಟನ್‌ಗಳನ್ನು ಕನ್ನಡಕ್ಕೆ ತಿರುಗಿಸುವುದು. ನಿಮಗೆ ಬೇಕಾಗಿರುವುದು ಟೈಪ್ ಮಾಡಲು ಕೀಬೋರ್ಡ್, ಓದಲು ಫಾಂಟ್. ಎರಡನ್ನೂ ಅದಿಲ್ಲದೆ ಹಾಕಬಹುದು.

ಇನ್ನು ನಿಮ್ಮ ದಾರಿಯ ಬಗ್ಗೆ. ನಾನಾಗಿದ್ದರೆ ಆಫೀಸಿನಲ್ಲಿ ಕಟ್ಟಿದ ಈ ಡಿಸ್ಕನ್ನು ಬಿಟ್ಟುಬಿಡುತ್ತಿದ್ದೆ. ಕಾರಣ ಹೇಳುತ್ತೇನೆ.

ಒಂದು, ಅಜೂರ್ ವರ್ಚುವಲ್ ಡೆಸ್ಕ್‌ಟಾಪ್‌ಗೆ ಎಂಟರ್‌ಪ್ರೈಸ್ ಬೇಕು, ಪ್ರೋ ನಡೆಯಲ್ಲ. ಇನ್ನೂ ಮುಖ್ಯವಾದದ್ದು, ಒಂದೇ ಮಷಿನ್‌ಗೆ ನಾಲ್ಕೈದು ಜನ ಒಟ್ಟಿಗೆ ಲಾಗಿನ್ ಆಗಬೇಕು ಅಂದರೆ ಮಲ್ಟಿ-ಸೆಷನ್ ವಿಂಡೋಸ್ ಬೇಕು. ಖರ್ಚು ಕಡಿಮೆ ಆಗುವುದೇ ಅದರಿಂದ. ಅದು ಆಫೀಸಿನ ಸಾಮಾನ್ಯ ಪಿಸಿಗೆ ಅಂತ ಸಿಗುವ ವಿಂಡೋಸ್ ಅಲ್ಲ, ಅಜೂರ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಸಿದ್ಧ ಇರುತ್ತದೆ. ಅಲ್ಲೇ ಒಂದು ವಿಎಂ ಎಬ್ಬಿಸಿ, ಅದರೊಳಗೆ ನಿಮ್ಮ ಸಾಫ್ಟ್‌ವೇರ್ ಹಾಕಿ, ಅಲ್ಲೇ ಸಿಸ್‌ಪ್ರೆಪ್ ಮಾಡಿ, ಅಲ್ಲೇ ಕ್ಯಾಪ್ಚರ್ ಮಾಡಿ, ಅಂದರೆ ಇಮೇಜ್ ಆಗಿ ಉಳಿಸಿ. ಏಳೂವರೆ ಗಂಟೆಯ ಅಪ್‌ಲೋಡ್ ಇಲ್ಲ, ಯುಪಿಎಸ್ ಚಿಂತೆ ಇಲ್ಲ. ಮೇಲೆ ಹೋಗುವುದು ನಿಮ್ಮ ಇನ್‌ಸ್ಟಾಲರ್ ಫೈಲುಗಳು ಮಾತ್ರ. ಒಬ್ಬೊಬ್ಬರ ಪ್ರೊಫೈಲ್ (ಅವರವರ ಸೆಟ್ಟಿಂಗ್, ಫೈಲು) ಯಾವ ಮಷಿನ್‌ಗೆ ಹೋದರೂ ಜೊತೆಗೆ ಬರಲು ಬೇಕಾದ ಎಫ್‌ಎಸ್‌ಲಾಜಿಕ್ಸ್ ಕೂಡ ಆ ಇಮೇಜಿನಲ್ಲಿ ಮೊದಲೇ ಇರುತ್ತದೆ.

ವಿಎಂ ಎಬ್ಬಿಸುವಾಗ ರೀಜನ್ ನೋಡಿಕೊಳ್ಳಿ. ಸೆಂಟ್ರಲ್ ಇಂಡಿಯಾ ಅಂದರೆ ಪುಣೆ, ಸೌತ್ ಇಂಡಿಯಾ ಅಂದರೆ ಚೆನ್ನೈ. ಡೆಸ್ಕ್‌ಟಾಪ್ ಎಲ್ಲಿ ಓಡುತ್ತದೋ ಇಮೇಜ್ ಅಲ್ಲೂ ಇರಬೇಕು. ಹೆಸರು ನೋಡಿ ದಕ್ಷಿಣ ನಮಗೆ ಹತ್ತಿರ ಅಂತ ಚೆನ್ನೈ ಒತ್ತಬೇಡಿ. ನಿಮಗೆ ಬೇಕಾದ ಸೈಜಿನ ಮಷಿನ್ ಅಲ್ಲಿ ಸಿಗುತ್ತದಾ ಅಂತ ಮೊದಲು ನೋಡಿ.

ಎರಡು, ಫಾಂಟ್. ನೀವು ಫಾಂಟ್ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದ್ದೀರಿ ಅಲ್ವಾ? ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ಹಾಗೆ ಒತ್ತಿದರೆ ಫಾಂಟು ನಿಮ್ಮೊಬ್ಬರ ಆಪ್‌ಡೇಟಾ ಫೋಲ್ಡರಿಗೆ ಹೋಗುತ್ತದೆ. ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್ ಒತ್ತಿದರೆ ಮಾತ್ರ ವಿಂಡೋಸ್ ಫಾಂಟ್ಸ್‌ಗೆ ಹೋಗುತ್ತದೆ. ಇದು ಇಮೇಜ್ ಕಟ್ಟುವಾಗ ಗೊತ್ತೇ ಆಗುವುದಿಲ್ಲ, ನಿಮಗೆ ಎಲ್ಲ ಸರಿಯಾಗಿಯೇ ಕಾಣುತ್ತಿರುತ್ತದೆ. ಸೋಮವಾರ ಬೆಳಗ್ಗೆ ಟೈಪಿಸ್ಟ್ ಹಳೇ ನುಡಿ ಫೈಲ್ ತೆರೆದಾಗ ಗೊತ್ತಾಗುತ್ತದೆ. ಹಳೇ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದಿದ್ದರೆ 'ಕನ್ನಡ' ಅಂತ ಇರಬೇಕಾದ ಕಡೆ ಒಂದು ಪಿ, ತಲೆ ಮೇಲೆ ಗೀಟಿರುವ ಎ, ಆಮೇಲೆ ಬ್ರಿಟಿಷರ ಪೌಂಡ್ ಚಿಹ್ನೆ ಕಾಣುತ್ತದೆ. ಕೋರ್ಟ್ ಕಾಗದದ ತುಂಬಾ ಪೌಂಡ್ ಚಿಹ್ನೆ ನೋಡಿದರೆ ನಿಮ್ಮ ಓನರ್ ಏನೆನ್ನುತ್ತಾರೋ.

ಮೂರು, ಡಿ ಡ್ರೈವ್. ನಮ್ಮವರಿಗೆ ಸಿ ಡ್ರೈವ್ ವಿಂಡೋಸ್‌ಗೆ, ಡಿ ಡ್ರೈವ್ ನಮ್ಮ ಫೈಲಿಗೆ ಅನ್ನುವುದು ರಕ್ತದಲ್ಲಿ ಬಂದುಬಿಟ್ಟಿದೆ. ಅಜೂರ್‌ನಲ್ಲಿ ಡಿ ಅಂತ ಕಾಣುವುದು ಸಾಮಾನ್ಯವಾಗಿ ತಾತ್ಕಾಲಿಕ ಡಿಸ್ಕ್. ಮಷಿನ್ ನಿಲ್ಲಿಸಿ ಮತ್ತೆ ಎಬ್ಬಿಸಿದರೆ ಅದರಲ್ಲಿದ್ದದ್ದು ಹೋಯಿತು ಅಂತಲೇ ಲೆಕ್ಕ. ತಾತ್ಕಾಲಿಕ ಡಿಸ್ಕ್ ಇಲ್ಲದ ಸೈಜ್ ಆರಿಸಿಕೊಳ್ಳಿ, ಡಿ ಕಾಣಲೇ ಬಾರದು. ಕಂಡರೆ ಯಾರಾದರೂ ಸೇವ್ ಮಾಡೇ ಮಾಡುತ್ತಾರೆ, ಎಷ್ಟು ಸರ್ಕ್ಯುಲರ್ ಅಂಟಿಸಿದರೂ ಅಷ್ಟೇ.

ಇಮೇಜನ್ನು ಡೊಮೇನ್‌ಗೆ (ಆಫೀಸಿನ ಲಾಗಿನ್ ವ್ಯವಸ್ಥೆ) ಸೇರಿಸಬೇಡಿ, ಮಷಿನ್‌ಗಳನ್ನು ದೂರದಿಂದ ನಿಭಾಯಿಸುವ ಇಂಟ್ಯೂನ್‌ಗೂ ಸೇರಿಸಬೇಡಿ. ಅದೆಲ್ಲ ಡೆಸ್ಕ್‌ಟಾಪ್ ಹುಟ್ಟಿದ ಮೇಲೆ. ಟೈಮ್‌ಝೋನ್ ರೀಡೈರೆಕ್ಷನ್ ಪಾಲಿಸಿ ಆನ್ ಮಾಡಿ, ಇಲ್ಲದಿದ್ದರೆ ಗಡಿಯಾರ ಯುಟಿಸಿಯಲ್ಲೇ ಉಳಿದು ಐದೂವರೆ ಗಂಟೆ ಹಿಂದೆ ಓಡುತ್ತಿರುತ್ತದೆ.

ಕೊನೆಗೆ, ಸಿಸ್‌ಪ್ರೆಪ್ ಒತ್ತುವ ಮುಂಚೆ ಡಿಸ್ಕಿನ ಸ್ನ್ಯಾಪ್‌ಶಾಟ್ (ಆ ಕ್ಷಣದ ನಕಲು) ತೆಗೆಯಿರಿ. ಜೆನರಲೈಸ್ ಮಾಡಿ ಕ್ಯಾಪ್ಚರ್ ಮಾಡಿದ ವಿಎಂ ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಮುಂದಿನ ತಿಂಗಳ ಇಮೇಜ್ ಶುರುವಾಗಬೇಕಾದ್ದು ಆ ಸ್ನ್ಯಾಪ್‌ಶಾಟಿನಿಂದ.

ಲಿನಕ್ಸ್ ಮಾವ:

ಮೇಡಂ ಹೇಳಿದ್ದು ಸರಿ, ಆದರೆ ಎಲ್ಲರಿಗೂ ಹೊಸದಾಗಿ ಕಟ್ಟಲು ಆಗುವುದಿಲ್ಲ. ಎಷ್ಟೋ ಪ್ರೆಸ್ಸುಗಳಲ್ಲಿ ಪುಟ ಕಟ್ಟುವ ಸಾಫ್ಟ್‌ವೇರಿನ ಸಿಡಿ ಯಾವ ಕಾಲದಲ್ಲೋ ಕಳೆದಿರುತ್ತದೆ. ಓಡುತ್ತಿರುವ ಆ ಒಂದು ಪಿಸಿಯೇ ಆಸ್ತಿ. ಅಂಥ ಕಡೆ ಇಂಪೋರ್ಟ್ ಬಿಟ್ಟು ಬೇರೆ ದಾರಿ ಇಲ್ಲ. ಡಿಸ್ಕ್‌2ವಿಎಚ್‌ಡಿ ಅನ್ನುವ ಸಣ್ಣ ಪ್ರೋಗ್ರಾಂ ಇದೆ, ಓಡುತ್ತಿರುವ ಪಿಸಿಯ ಡಿಸ್ಕನ್ನೇ ವಿಎಚ್‌ಡಿ ಮಾಡಿ ಕೊಡುತ್ತದೆ.

ಇಂಪೋರ್ಟ್ ಮಾಡುವವರಿಗೆ: ಅಜೂರ್‌ನಲ್ಲಿ ಇಮೇಜ್ ಆಗಬೇಕಾದ್ದು ವಿಎಚ್‌ಡಿ, ವಿಎಚ್‌ಡಿಎಕ್ಸ್ ಅಲ್ಲ. ಅದೂ ಫಿಕ್ಸೆಡ್ ಸೈಜಿನದು. ವರ್ಚುವಲ್ ಸೈಜು ಸರಿಯಾಗಿ 1 ಎಂಬಿಯ ಗುಣಕ ಆಗಿರಬೇಕು. ಹೈಪರ್-ವಿ ಬದಲು ವರ್ಚುವಲ್‌ಬಾಕ್ಸ್ ಅಥವಾ ಕೆವಿಎಂನಲ್ಲಿ ಕಟ್ಟಿದ್ದರೆ ಕ್ಯೂಎಂಯು-ಇಮೇಜ್ ಪ್ರೋಗ್ರಾಂನಲ್ಲಿ ಕನ್ವರ್ಟ್ ಮಾಡುವಾಗ ಫೋರ್ಸ್ ಸೈಜ್ ಆಯ್ಕೆ ಕೊಡಿ. ಇಲ್ಲದಿದ್ದರೆ ಅದು ಸೈಜನ್ನು ತನಗೆ ಬೇಕಾದ ಹಾಗೆ ಸ್ವಲ್ಪ ಆಚೀಚೆ ಮಾಡಿ, ಮೇಲೆ ಹೋದ ಮೇಲೆ ಕೈ ಕೊಡುತ್ತದೆ. ಹೈಪರ್-ವಿ ಇರುವವರಿಗೆ ಇಷ್ಟು ರಗಳೆ ಇಲ್ಲ. ಪವರ್‌ಶೆಲ್‌ನ ಆಡ್-ಎಝ್‌ವಿಎಚ್‌ಡಿ ಕಮಾಂಡ್ ವಿಎಚ್‌ಡಿಎಕ್ಸ್ ತೆಗೆದುಕೊಂಡು ತಾನೇ ತಿರುಗಿಸಿ, ಅಳತೆ ಸರಿ ಮಾಡಿ ಮೇಲೆ ಹಾಕುತ್ತದೆ.

ಏಳೂವರೆ ಗಂಟೆ ಅಂದಿರಿ. 127 ಜಿಬಿ ಪೂರ್ತಿ ಹೋಗಬೇಕಾಗಿಲ್ಲ. ಎಝ್‌ಕಾಪಿ ಅನ್ನುವ ಅಪ್‌ಲೋಡ್ ಪ್ರೋಗ್ರಾಂನಲ್ಲಿ ಪೇಜ್ ಬ್ಲಾಬ್ (ಅಜೂರ್‌ನಲ್ಲಿ ಡಿಸ್ಕ್ ಫೈಲ್ ಇಡುವ ರೂಪ) ಆಗಿ ಕಳಿಸಿದರೆ ಬರೀ ಸೊನ್ನೆ ಇರುವ ತುಂಡುಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಆದರೆ ಡಿಲೀಟ್ ಮಾಡಿದ ಫೈಲುಗಳ ಜಾಗ ಸೊನ್ನೆ ಆಗಿರುವುದಿಲ್ಲ, ಹಳೇ ಕಸ ಹಾಗೇ ಇರುತ್ತದೆ. ಎಸ್‌ಡಿಲೀಟ್ ಅನ್ನುವ ಪ್ರೋಗ್ರಾಂ ಓಡಿಸಿ ಖಾಲಿ ಜಾಗವನ್ನೆಲ್ಲ ಸೊನ್ನೆ ಮಾಡಿ ಆಮೇಲೆ ಕಳಿಸಿ. 35 ಜಿಬಿ ತುಂಬಿರುವ ಡಿಸ್ಕ್ ಆದರೆ ಎರಡು ಗಂಟೆಯ ಸುಮಾರಿಗೆ ಮುಗಿಯುತ್ತದೆ.

ಇನ್ನೊಂದು, ಜನರೇಷನ್. ಹಳೇ ಬಯೋಸ್‌ನಲ್ಲಿ ಬೂಟ್ ಆಗುವುದು ಜೆನ್ 1, ಹೊಸ ಯುಇಎಫ್‌ಐನಲ್ಲಿ ಬೂಟ್ ಆಗುವುದು ಜೆನ್ 2. ಅಜೂರ್‌ನಲ್ಲಿ ಇಮೇಜ್‌ಗಳನ್ನು ಇಡುವ ಕಂಪ್ಯೂಟ್ ಗ್ಯಾಲರಿಯಲ್ಲಿ ಇಮೇಜ್ ಡೆಫಿನಿಷನ್ (ಇಮೇಜಿನ ವಿವರ) ಮಾಡುವಾಗ ನಿಮ್ಮ ಡಿಸ್ಕ್ ಯಾವುದೋ ಅದನ್ನೇ ಹೇಳಿ. ತಪ್ಪು ಹೇಳಿದರೆ ಮಷಿನ್ ಬೂಟ್ ಆಗುವುದಿಲ್ಲ. ವಿಂಡೋಸ್ 11 ಅಂದಮೇಲೆ ಜೆನ್ 2 ಬಿಟ್ಟು ಯೋಚನೆಯೇ ಬೇಡ.

ಬಿಳೇಕಹಳ್ಳಿ ಅಡ್ಮಿನ್:

ಸೊನ್ನೆ ಮಾಡುವ ವಿಷಯ ನಾನು ಹೇಳಬೇಕಿತ್ತು, ಥ್ಯಾಂಕ್ಸ್ ಮಾವ. ಆದರೆ ಸಿಡಿ ಕಳೆದ ಸಾಫ್ಟ್‌ವೇರಿನ ವಿಷಯದಲ್ಲಿ ನಾನು ಒಪ್ಪಲ್ಲ. ಅಂಥ ಹಳೇ ಸಾಫ್ಟ್‌ವೇರಿನ ಲೈಸೆನ್ಸ್ ಬಹಳ ಸಲ ಆ ಪಿಸಿಯ ಹಾರ್ಡ್‌ವೇರಿಗೆ ಅಂಟಿಕೊಂಡಿರುತ್ತದೆ, ಇಲ್ಲಾಂದರೆ ಪಿಸಿಯ ಹಿಂದೆ ಒಂದು ಡಾಂಗಲ್ (ಲೈಸೆನ್ಸ್ ಇರುವ ಕಡ್ಡಿ) ಚುಚ್ಚಿರುತ್ತಾರೆ. ಡಿಸ್ಕ್ ಪುಣೆಗೆ ಹೋದರೂ ಡಾಂಗಲ್ ಚಾಮರಾಜಪೇಟೆಯಲ್ಲೇ ಇರುತ್ತದೆ. ಅದನ್ನು ಆ ಹಳೇ ಪಿಸಿಯಲ್ಲೇ, ನೆಟ್ ತೆಗೆದು, ಮೂಲೆಯಲ್ಲಿ ಇಟ್ಟುಕೊಳ್ಳುವುದು ವಾಸಿ.

ಸಿಸ್‌ಪ್ರೆಪ್ ಬೇಡ, ಸ್ಪೆಷಲೈಸ್ಡ್ ಇಮೇಜ್ ಅಂತ ಹಾಗೇ ಹಾಕಬಹುದು ಅಂತ ಕೆಲವರು ಹೇಳುತ್ತಾರೆ. ಗ್ಯಾಲರಿ ಅದನ್ನು ತೆಗೆದುಕೊಳ್ಳುತ್ತದೆ ನಿಜ. ಆದರೆ ಹೆಸರು, ಒಳಗಿನ ಯೂಸರ್‌ಗಳು ಎಲ್ಲ ಒಂದೇ ಆಗಿರುವ ಅವಳಿ ಮಷಿನ್‌ಗಳು ಹುಟ್ಟುತ್ತವೆ. ಹತ್ತು ಡೆಸ್ಕ್‌ಟಾಪ್ ಎಬ್ಬಿಸಲು ಅದು ದಾರಿಯಲ್ಲ.

ಚಾಮರಾಜಪೇಟೆ ಡಿಟಿಪಿ:

ಮೇಡಂ ಹೇಳಿದ ಹಾಗೆ ಮಾರ್ಕೆಟ್‌ಪ್ಲೇಸ್‌ನ ವಿಂಡೋಸ್ 11 ಮಲ್ಟಿ-ಸೆಷನ್ ತೆಗೆದುಕೊಂಡು ಪುಣೆಯಲ್ಲೇ ಕಟ್ಟಿದೆ. ಭಾಷೆ ಸೇರಿಸಲಿಲ್ಲ. ಫಾಂಟುಗಳನ್ನು ಎಲ್ಲ ಯೂಸರ್‌ಗಳಿಗೂ ಅಂತಲೇ ಹಾಕಿದೆ. ಸಿಸ್‌ಪ್ರೆಪ್ ತಕರಾರು ಮಾಡದೆ ಮುಗಿಯಿತು! ಇಬ್ಬರು ಟೈಪಿಸ್ಟುಗಳನ್ನು ಕೂರಿಸಿ ನೋಡಿದೆ. ನುಡಿ ಫೈಲುಗಳು ಚೆನ್ನಾಗಿ ತೆರೆಯುತ್ತಿವೆ, ಪೌಂಡ್ ಎಲ್ಲೂ ಇಲ್ಲ.

ಆದರೆ ಎರಡು ವಿಷಯ ಉಳಿದಿವೆ. ಒಂದು, ತುಂಗಾ ಫಾಂಟಿನಲ್ಲಿ ಮಾಡಿದ ಹಳೇ ವರ್ಡ್ ಫೈಲ್ ತೆರೆದರೆ ಅಕ್ಷರ ಕನ್ನಡದಲ್ಲೇ ಇದೆ, ಆದರೆ ಸಾಲುಗಳು ಬೇರೆ ಬೇರೆ ಕಡೆ ಮುರಿಯುತ್ತಿವೆ. 212 ಪುಟದ ಪುಸ್ತಕ 220 ದಾಟಿದೆ. ಪರಿವಿಡಿಯ ಪುಟಸಂಖ್ಯೆಗಳೆಲ್ಲ ತಪ್ಪಾಗಿವೆ. ತುಂಗಾ ವಿಂಡೋಸ್ ಜೊತೆಗೇ ಬರುತ್ತದೆ ಅಲ್ವಾ?

ಎರಡು, ನಮ್ಮ ಟೈಪಿಸ್ಟ್ ಒಬ್ಬರು ಮನೆಯಿಂದ ಲಾಗಿನ್ ಆದರೆ ಕೆಳಗೆ ಒಂದು ಇಂಗ್ಲಿಷ್ ಕೀಬೋರ್ಡ್ ಜಾಸ್ತಿ ಕಾಣುತ್ತದೆ. ನಾವು ಹಾಕಿದ್ದಲ್ಲ. ತೆಗೆದರೂ ಮುಂದಿನ ಸಲ ಮತ್ತೆ ಬಂದಿರುತ್ತದೆ.

ಬಿಳೇಕಹಳ್ಳಿ ಅಡ್ಮಿನ್:

ತುಂಗಾ ಮೊದಲು ಜೊತೆಗೇ ಬರುತ್ತಿತ್ತು. ವಿಂಡೋಸ್ 10ರಿಂದ ಅದನ್ನು ಐಚ್ಛಿಕ ಫೀಚರ್ ಮಾಡಿದ್ದಾರೆ. ಕನ್ನಡ ಭಾಷೆ ಸೇರಿಸಿದರೆ ಅದೂ ಹಿಂದೆಯೇ ಬರುತ್ತದೆ. ನೀವು ಈ ಸಲ ಭಾಷೆ ಸೇರಿಸಲಿಲ್ಲ, ಆದ್ದರಿಂದ ಬಂದಿಲ್ಲ. ತುಂಗಾ ಸಿಗದೇ ಇದ್ದಾಗ ಅಕ್ಷರಗಳು ನಿರ್ಮಲಾ ಯುಐನಲ್ಲಿ ಮೂಡುತ್ತವೆ. ಅದರ ಅಗಲ, ಸಾಲಿನ ಎತ್ತರ ಎರಡೂ ಬೇರೆ, ಪುಟ ಜಾಸ್ತಿ ಆಗಿದ್ದು ಅದಕ್ಕೇ. ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅಂತ ಹುಡುಕಿ ಸೇರಿಸಿ. ಇದು ಮಷಿನ್‌ಗೇ ಸೇರುತ್ತದೆ, ಸಿಸ್‌ಪ್ರೆಪ್‌ಗೆ ಏನೂ ತೊಂದರೆ ಇಲ್ಲ.

ಕೀಬೋರ್ಡ್ ವಿಷಯ. ರಿಮೋಟ್ ಡೆಸ್ಕ್‌ಟಾಪ್ ಸೆಷನ್ ಶುರುವಾಗುವಾಗ ಮನೆ ಪಿಸಿಯ ಕೀಬೋರ್ಡ್ ಲೇಔಟನ್ನೂ ಜೊತೆಗೆ ಕರೆತರುತ್ತದೆ. ರಿಜಿಸ್ಟ್ರಿಯಲ್ಲಿ ಲೋಕಲ್ ಮಷಿನ್, ಸಿಸ್ಟಂ, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕೀಬೋರ್ಡ್ ಲೇಔಟ್ ತನಕ ಹೋಗಿ. ಅಲ್ಲಿ ಇಗ್ನೋರ್ ರಿಮೋಟ್ ಕೀಬೋರ್ಡ್ ಲೇಔಟ್ ಅಂತ, ಮಧ್ಯೆ ಜಾಗ ಬಿಡದೆ, ಡಿವರ್ಡ್ (ಸಂಖ್ಯೆಯ ನಮೂದು) ಮಾಡಿ 1 ಕೊಡಿ. ಇಮೇಜಿನಲ್ಲೇ ಹಾಕಿಬಿಡಿ. ಆಮೇಲೆ ನೀವು ಕೊಟ್ಟ ಕೀಬೋರ್ಡುಗಳು ಮಾತ್ರ ಇರುತ್ತವೆ.

ಯಾವ ಕೀಬೋರ್ಡ್ ಕೊಡಬೇಕು ಅನ್ನುವುದು ನಿಮ್ಮವರ ಬೆರಳಿನ ಮೇಲೆ ಇದೆ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಮೊದಲಿಂದ ಇದೆ, ಫೊನೆಟಿಕ್ 2019ರಿಂದ ಬಂದಿದೆ. ಕೆ.ಪಿ. ರಾವ್ ವಿನ್ಯಾಸಕ್ಕೆ ಕೈ ಕೂತವರಿಗೆ ಇವೆರಡೂ ಒಗ್ಗುವುದಿಲ್ಲ, ಅವರಿಗೆ ನುಡಿಯೇ ಬೇಕು. ಒಂದೇ ಎಚ್ಚರ, ಮನೆ ಪಿಸಿಯಲ್ಲೂ ನುಡಿ ಓಡುತ್ತಿದ್ದರೆ ಅದನ್ನು ನಿಲ್ಲಿಸಲು ಹೇಳಿ. ಎರಡೂ ಕಡೆ ಒಂದೇ ಕೀಯನ್ನು ಹಿಡಿಯಲು ಹೋದರೆ ಬರುವ ಅಕ್ಷರಕ್ಕೆ ಗ್ಯಾರಂಟಿ ಇಲ್ಲ.

ಚಾಮರಾಜಪೇಟೆ ಡಿಟಿಪಿ:

ತುಂಗಾ ಸೇರಿಸಿದ ಮೇಲೆ ಪುಸ್ತಕ 212ಕ್ಕೇ ಬಂತು ಮೇಡಂ. ಕೀಬೋರ್ಡ್ ಕೂಡ ಸರಿ ಹೋಯಿತು. ಇನ್ನೊಂದೇ ಪ್ರಶ್ನೆ. ಪ್ರತಿ ತಿಂಗಳೂ ಇದನ್ನೆಲ್ಲ ಹೊಸದಾಗಿ ಮಾಡಬೇಕಾ?

ಬಿಳೇಕಹಳ್ಳಿ ಅಡ್ಮಿನ್:

ಎಲ್ಲ ಬೇಡ. ವಿಂಡೋಸ್ ಅಪ್‌ಡೇಟ್ ಬರುವುದು ತಿಂಗಳ ಎರಡನೇ ಮಂಗಳವಾರ, ಅಮೆರಿಕದ ಲೆಕ್ಕದಲ್ಲಿ. ನಮಗೆ ಅದು ಮಂಗಳವಾರ ರಾತ್ರಿ. ಆ ವಾರದ ಕೊನೆಗೆ ಸ್ನ್ಯಾಪ್‌ಶಾಟಿನಿಂದ ವಿಎಂ ಎಬ್ಬಿಸಿ, ಅಪ್‌ಡೇಟ್ ಹಾಕಿ, ಮತ್ತೆ ಸ್ನ್ಯಾಪ್‌ಶಾಟ್ ತೆಗೆದು, ಆಮೇಲೆ ಸಿಸ್‌ಪ್ರೆಪ್. ಗ್ಯಾಲರಿಯಲ್ಲಿ ಹೊಸ ವರ್ಷನ್ ನಂಬರ್ ಕೊಡಿ. ಅಲ್ಲಿ ಎಕ್ಸ್‌ಕ್ಲೂಡ್ ಫ್ರಂ ಲೇಟೆಸ್ಟ್ ಅಂತ ಒಂದು ಟಿಕ್ ಇದೆ, ಮೊದಲು ಅದನ್ನು ಹಾಕಿಡಿ, ಆಗ ಹೊಸ ಡೆಸ್ಕ್‌ಟಾಪ್‌ಗಳು ತಾವಾಗಿಯೇ ಈ ವರ್ಷನ್ ತೆಗೆದುಕೊಳ್ಳುವುದಿಲ್ಲ. ಇಬ್ಬರು ಟೈಪಿಸ್ಟುಗಳಿಗೆ ಒಂದು ಡೆಸ್ಕ್‌ಟಾಪ್ ಕೊಟ್ಟು ಒಂದು ನುಡಿ ಫೈಲ್, ಒಂದು ತುಂಗಾ ಫೈಲ್ ತೆರೆಸಿ. ಸರಿ ಇದ್ದರೆ ಟಿಕ್ ತೆಗೆಯಿರಿ. ಹಳೇ ವರ್ಷನ್ ಒಂದೆರಡು ತಿಂಗಳು ಅಳಿಸಬೇಡಿ. ಅದಕ್ಕೆ ಜಾಗದ ಬಾಡಿಗೆ ಬೀಳುತ್ತದೆ, ಆದರೂ ಇರಲಿ.